ಯಾಂಗ್ಚೆನ್ ಅಕ್ಕನ ಅಣ್ಣನ ಫೋಟೋ

ಕೊಯಮತ್ತೂರಿನ ಗಾಂಧಿಪುರಂನಲ್ಲಿ ನನ್ನನ್ನು ಹೆಣದ ಫೋಟೋ ಸುಬ್ಬಯ್ಯನ್ ಎಂದು ಕರೆಯುತ್ತಿದ್ದರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಆದರೆ ನನ್ನ ಕಿವಿ ಚೆನ್ನಾಗಿಯೇ ಇತ್ತು. ಮದುವೆ, ಸೀಮಂತ, ಶಾಲೆಯ ಗುಂಪಿನ ಫೋಟೋ ಎಲ್ಲವನ್ನೂ ತೆಗೆಯುತ್ತಿದ್ದೆ. ಹೆಸರು ನಿಂತದ್ದು ಮಾತ್ರ ಹೆಣದಿಂದ. ನಮ್ಮ ಕಡೆ ಮನೆಯ ಹಿರಿಯರು ಸತ್ತರೆ, ಎತ್ತುವ ಮೊದಲು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮುದುಕರಿಗೆ ಇಡೀ ಬದುಕಿನಲ್ಲಿ ಅದೊಂದೇ ಫೋಟೋ.

ಅದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಹೆಣ ಹೇಳಿದಂತೆ ಕೇಳುವುದಿಲ್ಲ. ತಲೆ ಒಂದು ಕಡೆ ವಾಲುತ್ತದೆ, ಬಾಯಿ ಬಿಟ್ಟುಕೊಳ್ಳುತ್ತದೆ. ಸುತ್ತ ಅಳುವವರ ಗಲಾಟೆಯ ನಡುವೆ ನಾನೇ ಹೋಗಿ ಗಲ್ಲ ಎತ್ತಿ, ಟವೆಲಿನಿಂದ ತಲೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಗಂಟು ಕಾಣದಂತೆ ಹಾರ ಸರಿಮಾಡುತ್ತಿದ್ದೆ. ಇದಕ್ಕೆಲ್ಲ ಮೊದಲು ಒಂದು ಕೆಲಸವಿತ್ತು. ಎರಡೂ ಕೈಯಿಂದ ಸತ್ತವರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಅಂಗಪ್ಪನ್ ಅವರ ಕಟ್ಟಳೆ ಅದು. ಬದುಕಿದ್ದವರಾದರೆ ಬೇಡ ಎನ್ನಬಹುದು, ಸತ್ತವರಿಗೆ ಬಾಯಿಲ್ಲ, ಅಪ್ಪಣೆ ಕೇಳದೆ ಮುಖ ತೆಗೆಯಬಾರದು ಎನ್ನುತ್ತಿದ್ದರು. ಇಪ್ಪತ್ತು ವರ್ಷ ನಾನು ಅದನ್ನು ತಪ್ಪಿಸಿದವನಲ್ಲ.

ಯಾಂಗ್ಚೆನ್ ಅಕ್ಕ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಬರುತ್ತಿದ್ದರು. ಟಿಬೆಟಿನವರು ಹತ್ತು ಹನ್ನೆರಡು ಮಂದಿ ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಹಗ್ಗ ಕಟ್ಟಿ ಲೂಧಿಯಾನದ ಸ್ವೆಟರುಗಳನ್ನು ತೂಗುಹಾಕುವರು. ಕೊಯಮತ್ತೂರಿನ ಚಳಿಗೆ ಸ್ವೆಟರ್ ಕೊಳ್ಳುವವರು ಯಾರು ಎಂದು ನಾನು ಮೊದಲ ವರ್ಷ ನಕ್ಕಿದ್ದೆ. ಕೊಳ್ಳುವವರು ಬೇಕಾದಷ್ಟು ಜನ ಇದ್ದರು. ಅಕ್ಕನ ಅಂಗಡಿ ಸರಿಯಾಗಿ ನನ್ನ ಸ್ಟುಡಿಯೋದ ಮೆಟ್ಟಿಲ ಪಕ್ಕ. ಐವತ್ತೈದರ ಹೆಂಗಸು, ಕೆನ್ನೆಯ ಮೇಲೆ ಸುಕ್ಕು, ಪಟ್ಟೆಪಟ್ಟೆಯ ಮುಂಗವಚ. ತಮಿಳಿನಲ್ಲಿ ನಾಲ್ಕು ಮಾತು ಬರುತ್ತಿತ್ತು, ಬೆಲೆ ಹೇಳಲು ಅಷ್ಟು ಸಾಕು.

ನಾವು ನೇಯ್ಗೆಯವರು, ಅನ್ನೂರಿನ ಕಡೆಯವರು. ಬೀದಿಯಲ್ಲಿ ತಮಿಳು, ಬಾಗಿಲು ದಾಟಿದರೆ ತಮಿಳು ಬೆರೆತ ಕನ್ನಡ. ಸ್ಟುಡಿಯೋದ ಹಿಂದೆಯೇ ನಮ್ಮ ಮನೆ. ಒಂದು ದಿನ ನನ್ನ ತಾಯಿ ಕಮಲಾತಾಳ್ ಒಳಗಿನಿಂದ ಗಂಟಲು ಹರಿಯುವಂತೆ ಕೂಗಿದರು.

"ಏನ್ಡಾ ಸುಬ್ಬು, ಕಾಪಿ ಆರೋಗ್ತದೆ! ಎಷ್ಟು ತಡವೆ ಕೂಗೋದು ನಿನ್ನ?"

"ಬತ್ತೀನಿ ಇರಮ್ಮಾ, ಕೈಯಾಗೆ ವೇಲೆ ಐತೆ, ಕೆಲಸ ಮುಗೀಲಿ!"

ಮೆಟ್ಟಿಲ ಬಳಿ ಯಾರೋ ಜೋರಾಗಿ ನಕ್ಕರು. ನೋಡಿದರೆ ಸ್ವೆಟರಿನ ಹೆಂಗಸು.

"ಅಲ್ಲಾ ತಂಬಿ, ನೀವು ಕನ್ನಡದೋರಾ? ಎರಡು ವರ್ಸದಿಂದ ನಂತಾವ ತಮಿಳಲ್ಲೇ ಜೀವ ತಿಂದ್ರಲ್ಲಾ!"

ಕೊಳ್ಳೇಗಾಲದ ಆಚೆಯ ಬೆಟ್ಟಗಳಲ್ಲಿ ಸರ್ಕಾರ ಟಿಬೆಟಿನವರ ಕ್ಯಾಂಪಿಗೆ ಜಾಗ ಕೊಟ್ಟು ಹತ್ತು ವರ್ಷಗಳಾಗುತ್ತ ಬಂದಿದ್ದವು. ಅಲ್ಲಿ ಜೋಳ ಬೆಳೆಯುತ್ತ, ಸುತ್ತಲಿನ ರೈತರ ಜೊತೆ ಜಗಳವಾಡುತ್ತ ಅಕ್ಕ ಕನ್ನಡ ಕಲಿತಿದ್ದರು. ಅಂದಿನಿಂದ ಅವರು ನಮ್ಮ ಮನೆಯವರಾದರು. ಮಧ್ಯಾಹ್ನದ ಊಟ ನನ್ನ ತಾಯಿಯ ಜೊತೆ. ಇಬ್ಬರೂ ಕೂತು ಬೀದಿಯವರನ್ನೆಲ್ಲ ಕನ್ನಡದಲ್ಲಿ ಆಡಿಕೊಂಡು ನಗುವರು. ಬೀದಿಗೆ ಅರ್ಥವಾಗುವುದಿಲ್ಲ ಎಂಬುದೇ ಅವರಿಗೆ ದೊಡ್ಡ ಸುಖ.

ಅಕ್ಕನ ಬದುಕಿನಲ್ಲಿ ಒಬ್ಬರೇ ಒಬ್ಬರು ಇದ್ದರು, ಅಣ್ಣ. ಟಿಬೆಟ್ ಬಿಟ್ಟು ಓಡಿಬರುವಾಗ ಹಿಮದಲ್ಲಿ ಅಕ್ಕನ ಕಾಲು ಮರಗಟ್ಟಿಹೋಗಿ, ಅಣ್ಣ ಒಂಬತ್ತು ದಿನ ಬೆನ್ನ ಮೇಲೆ ಹೊತ್ತು ತಂದಿದ್ದರಂತೆ. ಅಣ್ಣ ಚಿಕ್ಕಂದಿನಿಂದಲೇ ಸನ್ಯಾಸಿ. ಈಗ ಕ್ಯಾಂಪಿನಿಂದ ಎರಡು ತಾಸು ಕಾಡಿನಲ್ಲಿ ಹತ್ತಿ ಹೋಗಬೇಕಾದ ಒಂದು ಸಣ್ಣ ಮಠದಲ್ಲಿ ಇದ್ದರು. ಇನ್ನೊಬ್ಬ ತಂಗಿ ಅಲ್ಲೇ ಟಿಬೆಟಿನಲ್ಲಿ ಉಳಿದುಬಿಟ್ಟಿದ್ದಳು. ಇಪ್ಪತ್ತೊಂದು ವರ್ಷ ಸುದ್ದಿಯೇ ಇರಲಿಲ್ಲ. ಹಿಂದಿನ ವರ್ಷ ನೇಪಾಳದ ಮೂಲಕ ಆಕೆಯ ಮೊದಲ ಕಾಗದ ಬಂದಿತ್ತು. ಅದರಲ್ಲಿ ಇದ್ದುದು ಒಂದೇ ಬೇಡಿಕೆ: ಅಣ್ಣನ ಮುಖ ಮರೆತುಹೋಗಿದೆ, ಒಂದು ಫೋಟೋ ಕಳಿಸು.

೧೯೮೨ರ ಜನವರಿಯಲ್ಲಿ ಕ್ಯಾಂಪಿನಿಂದ ಬಂದ ಯಾರೋ ಅಣ್ಣನಿಗೆ ಊಟ ಸೇರುತ್ತಿಲ್ಲ ಎಂದರು. ಅಕ್ಕ ಅಂದೇ ಸ್ವೆಟರುಗಳನ್ನು ಮೂಟೆ ಕಟ್ಟಿದರು.

"ತಂಬಿ, ನಿನ್ನ ಕ್ಯಾಮೆರಾ ತಕ್ಕೊಂಡು ಬತ್ತೀಯಾ? ಅವನು ಇರೋವಾಗ್ಲೇ ಒಂದು ತೆಗೆದುಬುಡು."

"ಬತ್ತೀನಿ ಅಕ್ಕ. ತೈ ಮಾಸ ಓಗ್ಲಿ, ಮದುವೆ ಸೀಸನ್ನು. ಆರು ಮದುವೆ ಒಪ್ಪಿಕೊಂಡುಬುಟ್ಟೆ."

"ಬೇಗ ಬಾ."

ಒಪ್ಪಿಕೊಂಡ ಮದುವೆ ಬಿಡಲಾಗುವುದಿಲ್ಲ, ಅದು ನಿಜ. ಆರನೆಯ ಮದುವೆ ಮುಗಿದ ಮೇಲೆ ಇನ್ನೂ ಎರಡು ಒಪ್ಪಿಕೊಂಡೆ, ಅದೂ ನಿಜ. ಹೊರಟದ್ದು ಫೆಬ್ರವರಿ ಮೂರನೆಯ ವಾರದಲ್ಲಿ, ಬರುವ ದಿನವನ್ನು ಅಕ್ಕನಿಗೆ ಕಾಗದದಲ್ಲಿ ತಿಳಿಸಿ.

ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ ದಾಟಿ ಬಸ್ಸು ದಿಂಬಂ ಘಾಟಿ ಹತ್ತಿತು. ಇಪ್ಪತ್ತೇಳು ತಿರುವು. ಪಕ್ಕದ ಸೀಟಿನವನು ಹನ್ನೆರಡನೆಯ ತಿರುವಿನಲ್ಲಿ ವಾಂತಿ ಮಾಡಿದ. ನಾನು ಕ್ಯಾಮೆರಾ ಚೀಲವನ್ನು ಎದೆಗೆ ಅವುಚಿಕೊಂಡು ಅವನನ್ನು ಬಯ್ಯುತ್ತ ಕೂತಿದ್ದೆ. ಹಾಸನೂರಿನಲ್ಲಿ ಬಸ್ಸು ಬದಲಿಸಿ, ಕಾಡು ದಾಟಿ, ಅಕ್ಕ ಹೇಳಿದ್ದ ತಿರುವಿನಲ್ಲಿ ಇಳಿದಾಗ ಸಂಜೆ ಐದು. ಕೆಂಪು ವಸ್ತ್ರದ ಸನ್ಯಾಸಿಯೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ನಲವತ್ತೈದರ ಗಟ್ಟಿ ಆಳು, ಮಠದ ಅಡುಗೆಯವನು. ಜಂಪಾ ಎಂದು ಹೆಸರು ಹೇಳಿದ.

"ಮದ್ಯಾನ ಓಗ್ಬುಟ್ರು ಸಾರ್," ಅಂದ.

"ಯಾರು?"

"ಗುರುಗೋಳು. ಅಕ್ಕನ ಅಣ್ಣ."

ನಾನು ತಿರುವುಗಳನ್ನು ಎಣಿಸುತ್ತ ಕೂತಿದ್ದಾಗ ಆ ಮನುಷ್ಯ ಪ್ರಾಣ ಬಿಟ್ಟಿದ್ದರು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಕ್ಯಾಂಪಿಗೆ ಹೋಗುವಾಗ ಕೊನೆಯ ಎರಡು ಮದುವೆಗಳು ನೆನಪಾದವು. ಅದರಲ್ಲಿ ಒಂದರ ಮದುಮಗನ ಹೆಸರು ಕೂಡ ನನಗೆ ನೆನಪಿರಲಿಲ್ಲ.

ಮರುದಿನ ಬೆಳಗ್ಗೆ ಜಂಪಾನ ಹಿಂದೆ ಬೆಟ್ಟ ಹತ್ತಿದೆ. ದಾರಿಯೆಂದರೆ ಆನೆ ತುಳಿದದ್ದೇ ದಾರಿ. ಲಂಟಾನದ ಪೊದೆ, ಒಣಗಿದ ಬಿದಿರು, ಅಲ್ಲಲ್ಲಿ ಲದ್ದಿ. ಜಂಪಾ ನಡುನಡುವೆ ನಿಂತು ಮೂಸಿ ನೋಡಿ, ಬನ್ನಿ ಎನ್ನುವನು. ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಟ್ಟೆ ತುಂಡುಗಳು ಕಂಡಾಗ ಮಠ ಬಂತೆಂದು ತಿಳಿಯಿತು.

ಮಠ ಅಂದರೆ ನಾನು ಕಲ್ಲಿನ ದೊಡ್ಡ ಕಟ್ಟಡ ಎಂದುಕೊಂಡಿದ್ದೆ. ಅಲ್ಲಿದ್ದುದು ತಗಡಿನ ಮಾಡಿನ ಒಂದು ಹಾಲು, ಎರಡು ಸಾಲು ಕೋಣೆ, ಸುಣ್ಣ ಬಳಿದ ಒಂದು ಸಣ್ಣ ಸ್ತೂಪ. ಮುಂದಿನ ಕಂಬಗಳ ಮೇಲೆ ಮಾತ್ರ ಕೆಂಪು, ಹಳದಿ, ನೀಲಿ ಬಣ್ಣ ಒಂದು ಚೂರೂ ಮಾಸದೆ ಹೊಳೆಯುತ್ತಿತ್ತು. ಆಚೆಗೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಒಂದು ಮನೆಯೂ ಇಲ್ಲ, ಹೊಗೆಯೂ ಇಲ್ಲ. ಮನುಷ್ಯರು ಇಷ್ಟು ದೂರ ಬಂದು ಕೂರಬೇಕಾದರೆ ಎಂಥ ಪೆಟ್ಟು ತಿಂದಿರಬೇಕು ಎಂದುಕೊಂಡೆ.

ಒಳಗಿನಿಂದ ಹಿರಿಯ ಸನ್ಯಾಸಿಗಳ ಮಾತು ಕೇಳುತ್ತಿತ್ತು. ಜಗಳವೋ ಚರ್ಚೆಯೋ ತಿಳಿಯಲಿಲ್ಲ. ನಡುವೆ ಅಕ್ಕನ ಧ್ವನಿ. ಕಾಯುತ್ತ ನಾನು ಹೊರಗಿನದನ್ನು ತೆಗೆದೆ. ಕಂಬದ ಸಾಲು, ಗೋಡೆಯ ಮೇಲೆ ಚಕ್ರ ಹಿಡಿದ ಕೋರೆಹಲ್ಲಿನ ರಾಕ್ಷಸ, ಒಣಹಾಕಿದ ಜೋಳದ ತೆನೆಗಳ ಪಕ್ಕ ಜಪಮಣಿ ಎಣಿಸುವ ಹಲ್ಲಿಲ್ಲದ ಮುದುಕ. ಒಟ್ಟು ಹನ್ನೆರಡು ಫೋಟೋದ ರೋಲು, ಏಳು ಮುಗಿಸಿದೆ.

ಅಕ್ಕ ಹೊರಗೆ ಬಂದರು. ಮುಖ ಊದಿತ್ತು, ಕಣ್ಣು ಒಣಗಿತ್ತು.

"ತಪ್ಪಾಯ್ತು ಅಕ್ಕ. ನಾ ಮುಂಚೇನೇ ಬರ್ಬೇಕಿತ್ತು."

"ಅದ ಬುಡು. ಒಳಗೆ ಯಾರನ್ನೂ ಬುಡಬಾರ್ದು ಅಂತ ಮಠದ ಹಿರೇ ಗುರುಗೋಳು ಅಂದ್ರು. ನಾನು ಕಾಲು ಹಿಡ್ಕೊಂಡೆ. ಇವನು ನನ್ನ ತಮ್ಮ ಇದ್ದಂಗೆ, ಸತ್ತೋರ ಮುಂದೆ ಎಂಗೆ ಇರಬೇಕು ಅಂತ ಇವನಿಗೆ ಗೊತ್ತು ಅಂದೆ. ಬುಟ್ಟವ್ರೆ. ಓಗು. ಫ್ಲಾಶು ಬೇಡ ಅಂತೆ."

ಕೋಣೆ ಸಣ್ಣದು, ಕತ್ತಲು. ಡಾಲ್ಡಾ ತುಂಬಿದ ಹಿತ್ತಾಳೆಯ ದೀಪಗಳ ಸಾಲು, ಅದರ ವಾಸನೆ. ಸಾಲಿನ ಆಚೆ ಮಣೆಯ ಮೇಲೆ ಅಣ್ಣ ಕೂತಿದ್ದರು. ಪದ್ಮಾಸನ, ತೊಡೆಯ ಮೇಲೆ ಕೈ, ತಲೆ ಸ್ವಲ್ಪವೇ ಬಾಗಿತ್ತು. ನಾನು ನೂರಾರು ಹೆಣ ನೋಡಿದವನು. ಸತ್ತು ಒಂದು ರಾತ್ರಿ ಕಳೆದ ಮೇಲೆ ಯಾವ ಆಸರೆಯೂ ಇಲ್ಲದೆ, ಟವೆಲಿಲ್ಲದೆ, ಕುರ್ಚಿಯ ಬೆನ್ನಿಲ್ಲದೆ ಹಾಗೆ ನೆಟ್ಟಗೆ ಕೂತ ಹೆಣವನ್ನು ನೋಡಿರಲಿಲ್ಲ. ವಾಸನೆಯೂ ಇರಲಿಲ್ಲ.

"ದೀಪದಿಂದ ಈಚೆಗೇ ನಿಂತು ತೆಗೀರಿ," ಅಂದ ಜಂಪಾ.

ಯಾಕೆಂದು ನಾನು ಕೇಳಲಿಲ್ಲ. ಮಡಿ ಇರಬೇಕು, ನಾನು ಹೊರಗಿನವನಲ್ಲವೇ ಎಂದುಕೊಂಡೆ. ಎರಡು ತೆಗೆದೆ. ಕಿಟಕಿಯ ಬೆಳಕು ಮುಖದ ಒಂದೇ ಪಕ್ಕಕ್ಕೆ ಬೀಳುತ್ತಿತ್ತು, ಇನ್ನೊಂದು ಪಕ್ಕ ಇದ್ದಲಿನಷ್ಟು ಕಪ್ಪು. ಬಿಳಿ ಬಟ್ಟೆ ಹಿಡಿದರೆ ಬೆಳಕು ತಿರುಗುತ್ತದೆ ಎಂದೆ. ಜಂಪಾ ತರಲು ಹೋದ.

ಕೋಣೆಯಲ್ಲಿ ನಾನು ಮತ್ತು ಅವರು. ಆಗ ಎರಡು ಸಂಗತಿ ಒಟ್ಟಿಗೆ ಹೊಳೆದವು. ಒಂದು, ನಾನು ಅಪ್ಪಣೆ ಕೇಳದೆ ಎರಡು ಫೋಟೋ ತೆಗೆದುಬಿಟ್ಟಿದ್ದೆ. ಇನ್ನೊಂದು, ಈ ಮನುಷ್ಯ ಒಂದು ತಿಂಗಳು ನನಗಾಗಿ ಕಾದಿದ್ದರು. ಸುಳ್ಳು ಹೇಳುತ್ತಿಲ್ಲ, ಆ ಗಳಿಗೆಯಲ್ಲಿ ನನ್ನಲ್ಲಿ ಇದ್ದಷ್ಟು ಭಕ್ತಿ ನಮ್ಮ ಮನೆದೇವರ ಮುಂದೆಯೂ ಎಂದೂ ಇದ್ದದ್ದಿಲ್ಲ. ದೀಪಗಳ ಸಾಲನ್ನು ದಾಟಿದೆ. ಕೆಂಪು ವಸ್ತ್ರದ ಅಂಚಿನಿಂದ ಬಲಗಾಲಿನ ಅಂಗಾಲು ಹೊರಗೆ ಕಾಣುತ್ತಿತ್ತು. ಎರಡೂ ಕೈಯಿಂದ ಅದನ್ನು ಹಿಡಿದು, ಬಗ್ಗಿ, ಹಣೆ ಇಟ್ಟೆ. ಕ್ಷಮಿಸಿಬಿಡಿ ಸಾಮಿ, ತಡ ಮಾಡಿಬಿಟ್ಟೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಕಾಲು ತಣ್ಣಗಿತ್ತು. ಎದ್ದು ನನ್ನ ಜಾಗಕ್ಕೆ ಬಂದಾಗ ಮನಸ್ಸು ಹಗುರವಾಗಿತ್ತು.

ಜಂಪಾ ಬಿಳಿ ಪಂಚೆ ಹಿಡಿದ. ಉಳಿದ ಮೂರನ್ನೂ ತೆಗೆದೆ. ನನ್ನ ಕೆಲಸದಲ್ಲಿ ಅಷ್ಟು ಚೆನ್ನಾಗಿ ಬಂದ ಫೋಟೋ ಇನ್ನೊಂದಿಲ್ಲ, ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೊರಗೆ ಜಗಲಿಯಲ್ಲಿ ಉಪ್ಪು ಹಾಕಿದ ಬೆಣ್ಣೆ ಟೀ ಕೊಟ್ಟರು. ನುಂಗಲಾಗದೆ ಬಾಯಲ್ಲಿ ಇಟ್ಟುಕೊಂಡು, ಮಾತಿಗೆ ಮಾತು ಎಂದು ಜಂಪಾನನ್ನು ಕೇಳಿದೆ.

"ಯಾವಾಗ ಎತ್ತೋದು?"

"ಈಗ್ಲೇ ಎಲ್ಲಿ ಸಾರ್? ಮೂರು ದಿನ ಅಂಗೇ ಇರಬೇಕು. ಉಸಿರು ನಿಂತ್ರೂ ಜೀವ ಒಳಗೇ ಅದೆ. ಗುರುಗೋಳು ಧ್ಯಾನದಾಗೆ ಅವ್ರೆ. ಅದಾಗಿ ಅದೇ ನೆತ್ತಿಯಿಂದ ಓಗಬೇಕು. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ."

"ಮುಟ್ಟಿದ್ರೆ?"

"ಮೊದ್ಲು ಎಲ್ಲಿ ಮುಟ್ತೀವೋ ಜೀವ ಅತ್ಲಾಗೆ ಓಗ್ತದೆ. ನೆತ್ತಿ ಮುಟ್ಟಿದ್ರೆ ಮ್ಯಾಕೆ. ಕಾಲು ಗೀಲು ಮುಟ್ಬುಟ್ರೆ..." ಜಂಪಾ ಕೈಯನ್ನು ನೆಲದ ಕಡೆ ತೋರಿಸಿದ. "ನಾಯೋ, ಹುಳವೋ, ನರಕವೋ. ನಲವತ್ತು ವರ್ಸದ ತಪಸ್ಸು ಮಣ್ಣಾಯ್ತದೆ."

ಬಾಯಲ್ಲಿದ್ದ ಟೀ ಗಂಟಲಿಗೆ ಇಳಿಯಿತು.

ಅಕ್ಕ ಬಂದು ನನ್ನ ಎದುರು ನೆಲದ ಮೇಲೆ ಕುಳಿತರು. ಕೇಳಿದ್ದು ಒಂದೇ ಪ್ರಶ್ನೆ, ಅನುಮಾನದಿಂದಲ್ಲ, ಮನಸ್ಸಿನ ಸಮಾಧಾನಕ್ಕೆ.

"ತಂಬಿ, ನಿಮ್ಮೂರಲ್ಲಿ ಗಲ್ಲ ಗಿಲ್ಲ ಎತ್ತಿ ಸರಿ ಮಾಡ್ತಿದ್ದೆಯಲ್ಲ. ಇಲ್ಲಿ ಅಣ್ಣನ್ನ ಮುಟ್ಟಿಲ್ಲ ತಾನೆ?"

"ಇಲ್ಲ ಅಕ್ಕ."

ಯೋಚನೆ ಮಾಡಲೂ ಇಲ್ಲ. ಬಾಯಿ ತಾನಾಗಿ ಹೇಳಿತು. ಹೊರಗೆ ಹನ್ನೊಂದು ಜನ ಸನ್ಯಾಸಿಗಳು ನನ್ನನ್ನೇ ನೋಡುತ್ತಿದ್ದರು. ನನ್ನನ್ನು ಒಳಗೆ ಬಿಟ್ಟದ್ದು ಅಕ್ಕನ ಮಾತಿನ ಮೇಲೆ. ನಿಜ ಹೇಳಿದರೆ ಅವರ ಮುಖ ಉಳಿಯುವುದಿಲ್ಲ ಎಂಬುದು ಆಮೇಲೆ ನಾನು ಕಟ್ಟಿಕೊಂಡ ನೆಪ. ಆ ಹೊತ್ತಿನಲ್ಲಿ ನಾನು ಉಳಿಸಿಕೊಂಡದ್ದು ನನ್ನ ಮುಖವನ್ನೇ. ಅಕ್ಕ ನನ್ನ ಎರಡೂ ಕೈಗಳನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಕೈ ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ.

ಊರಿಗೆ ಬಂದು ತೊಳೆದ ನೆಗೆಟಿವಿನಲ್ಲಿ ಎಲ್ಲ ಹನ್ನೆರಡೂ ಸರಿಯಾಗಿದ್ದವು. ಇಂಥ ಫೋಟೋಗಳಲ್ಲಿ ನಾನು ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬಿಡಿಸುವುದುಂಟು, ಮನೆಯವರು ಕೇಳುತ್ತಾರೆ. ಇದರಲ್ಲಿ ಒಂದು ಚುಕ್ಕೆಯನ್ನೂ ಇಡಲಿಲ್ಲ. ತಾಯಿ ಫೋಟೋ ನೋಡಿ ಎರಡೂ ಕೈ ಮುಗಿದರು.

"ಎಷ್ಟು ಸಾಂತಮಾ ಕೂತವ್ರೆ ನೋಡು. ಪುಣ್ಯವಂತರು. ನೇರಾ ಮೋಕ್ಸಕ್ಕೇ ಓಗಿರ್ತಾರೆ."

ನಾನು ಅವರ ಮೇಲೆ ರೇಗಿದೆ. ಯಾಕೆ ರೇಗಿದೆನೆಂದು ಅವರಿಗೆ ತಿಳಿಯಲಿಲ್ಲ.

ಮಾರ್ಚಿನಲ್ಲಿ ಜಂಪಾ ಪ್ರಿಂಟುಗಳನ್ನು ಒಯ್ಯಲು ಬಂದ. ಅಣ್ಣ ತೀರಿಕೊಂಡು ಅಂದಿಗೆ ಇಪ್ಪತ್ತು ದಿನ. ಸ್ಟುಡಿಯೋದ ಬೆಂಚಿನ ಮೇಲೆ ಕೂತು, ಕಾಪಿ ಕುಡಿಯುತ್ತ, ಕೇಳದೆಯೇ ಎಲ್ಲ ಹೇಳಿದ. ಮೂರು ದಿನ ನೆಟ್ಟಗೆ ಕೂರಬೇಕಾದ ದೇಹ ನಾನು ಇಳಿದು ಹೋದ ಮಧ್ಯಾಹ್ನವೇ ಮುಂದಕ್ಕೆ ಕುಸಿದುಬಿತ್ತಂತೆ. ಮೂಗಿನಿಂದ ನೀರು ಬಂತಂತೆ. ಎಲ್ಲರಿಗೂ ಗಾಬರಿ. ಏನೋ ತಪ್ಪಾಗಿದೆ ಎಂದು ಹಿರಿಯರು ಒಬ್ಬೊಬ್ಬರನ್ನೇ ಕೇಳಿದರಂತೆ.

"ಅಕ್ಕನೇ ಒಪ್ಪಿಕೊಂಡ್ರು," ಅಂದ ಜಂಪಾ.

"ಏನಂತ?"

"ಉಸಿರು ಓದಾಗ ಬಾಗಿಲಲ್ಲಿ ನಿಂತು ಅತ್ಬುಟ್ಟಿದ್ರು ಸಾರ್. ಅಳಬಾರದು. ಒಡಹುಟ್ಟಿದೋರು ಅತ್ರೆ ಜೀವ ಹಿಂದಕ್ಕೆ ತಿರುಗಿ ನೋಡ್ತದೆ, ದಾರಿ ತಪ್ತದೆ. ಈಗ ದಿನಾ ಸ್ತೂಪದ ಸುತ್ತ ಉದ್ದಂಡ ನಮಸ್ಕಾರ ಹಾಕ್ತಾವ್ರೆ. ಹೊತ್ತು ಮೂಡಿದಾಗ ಸುರು ಮಾಡಿದ್ರೆ ಹೊತ್ತು ಮುಳುಗೋಗಂಟ. ಮಂಡಿ ಚರ್ಮ ಕಿತ್ತೋಗದೆ. ಬೇಡ ಅಂದ್ರೂ ಕೇಳಾಕಿಲ್ಲ."

ಆಗ ಹೇಳಬಹುದಿತ್ತು. ಸ್ಟುಡಿಯೋದಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕವರಿಗೆ ಪ್ರಿಂಟು ಹಾಕಿ, ಮಡಿಕೆ ಬೀಳದಂತೆ ಎರಡು ರಟ್ಟು ಇಟ್ಟು, ದಾರ ಕಟ್ಟಿ ಕೊಟ್ಟೆ. ಇಷ್ಟಕ್ಕೂ ಇದೆಲ್ಲ ಅವರ ನಂಬಿಕೆ, ಸತ್ತ ಹೆಣ ಎರಡನೆಯ ದಿನ ಕುಸಿಯದೆ ಏನು ಮಾಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆಂದು ರಾತ್ರಿ ನಿದ್ದೆ ಬಂದಿತೇ ಎಂದು ಕೇಳಬೇಡಿ.

ಆ ವರ್ಷದ ದೀಪಾವಳಿ ಕಳೆಯಿತು. ಹಗ್ಗ ಕಟ್ಟಿದರು, ಸ್ವೆಟರುಗಳು ತೂಗಿದವು. ಮೆಟ್ಟಿಲ ಪಕ್ಕದಲ್ಲಿ ಅಕ್ಕ ಇದ್ದರು. ನನಗೆ ಗುರುತು ಸಿಗಲು ಹೊತ್ತು ಹಿಡಿಯಿತು. ಮೈ ಅರ್ಧವಾಗಿತ್ತು. ಮಂಡಿ ಮಡಿಸಲಾಗದೆ ಕಾಲು ಚಾಚಿ ಕೂತಿದ್ದರು. ಹಣೆಯ ನಡುವೆ, ನೆಲಕ್ಕೆ ಒತ್ತಿ ಒತ್ತಿ, ಕಪ್ಪು ಜಡ್ಡು ಕಟ್ಟಿತ್ತು. ನನ್ನ ತಾಯಿ ಅವರನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡರು. ಅಕ್ಕ ಮಾತ್ರ ನಕ್ಕರು.

"ಫೋಟೋ ಸೇರ್ತು ತಂಬಿ. ತಂಗಿ ಕಾಗದ ಬರೆದವ್ಳೆ. ಮನೇಲಿ ಮಡಗಿ ದೀಪ ಹಚ್ತಾಳಂತೆ. ನಿನಗೆ ಪುಣ್ಯ ಬರ್ಲಿ ಅಂದವ್ಳೆ."

ಆ ಮಾತನ್ನು ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಧ್ಯಾಹ್ನ, ತಾಯಿ ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದಾಗ, ಅಕ್ಕನನ್ನು ಸ್ಟುಡಿಯೋ ಒಳಗೆ ಕರೆದೆ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ನಾನು ನಿಂತೇ ಹೇಳಿದೆ. ಬಿಳಿ ಬಟ್ಟೆ ತರಲು ಜಂಪಾ ಹೋದದ್ದು, ನಾನು ದೀಪ ದಾಟಿದ್ದು, ಕಾಲು ಹಿಡಿದದ್ದು, ಹಣೆ ಇಟ್ಟದ್ದು.

ಅಕ್ಕ ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

"ಕಾಲು ಯಾಕೆ ಮುಟ್ಟಿದೆ?" ಕೊನೆಗೆ ಕೇಳಿದರು.

"ಬಕ್ತಿಯಿಂದ ಅಕ್ಕ. ನಮ್ಮಲ್ಲಿ ಅಂಗೇ. ಲೇಟಾ ಬಂದೆ ಅಂತ ಮನ್ನಿಪ್ಪು ಕೇಳಿದೆ."

"ಗೊತ್ತಿಲ್ದೆ ಮುಟ್ಟಿದೆ. ಅದು ತಪ್ಪಲ್ಲ. ಆಮೇಲೆ ನಾನು ಕೇಳಿದೆನಲ್ಲ? ಎದುರಿಗೆ ಕೂತು ಕೇಳಿದೆನಲ್ಲ?"

ಕೇಳಿದಿರಿ ಎಂದೆ.

"ಆಗ ಹೇಳಿದ್ರೆ ಹಿರೇ ಗುರುಗೋಳು ಅಲ್ಲೇ ಇದ್ರು. ನೆತ್ತಿ ಮುಟ್ಟಿ, ಕಿವೀಲಿ ದಾರಿ ಹೇಳಿ, ಜೀವಾನ ಮ್ಯಾಕೆ ಕರೆಯೋರು. ಅದಕ್ಕೆ ವಿದ್ಯೆ ಅದೆ." ಅಕ್ಕನ ಧ್ವನಿ ಏರಲಿಲ್ಲ. "ಅವತ್ತು ಆಗದಿದ್ರೂ ನಲವತ್ತೊಂಬತ್ತು ದಿನ ಟೇಮು ಇರ್ತದೆ. ಜಂಪಾ ಇಲ್ಲಿಗೆ ಬಂದಾಗ ಎಷ್ಟು ದಿನ ಆಗಿತ್ತು?"

"ಇಪ್ಪತ್ತು."

"ಇನ್ನೂ ಇಪ್ಪತ್ತೊಂಬತ್ತು ದಿನ ಇತ್ತು."

ಹೊರಗೆ ಯಾರೋ ಸ್ವೆಟರಿನ ಬೆಲೆ ಕೇಳಿ ಕೂಗುತ್ತಿದ್ದರು. ಅಕ್ಕ ಆ ಕಡೆ ತಿರುಗಲಿಲ್ಲ.

"ಅತ್ತಿದ್ದಕ್ಕೆ ಬೇರೆ ಪೂಜೆ ತಂಬಿ. ತಿರುಗಿ ನೋಡಿದೋನ ಮುಂದಕ್ಕೆ ಕಳಿಸೋ ಪೂಜೆ. ಅದನ್ನೇ ಮಾಡ್ಸಿದೆವು, ಏಳು ವಾರ. ಕೆಳಗೆ ಬಿದ್ದೋನ ಮ್ಯಾಕೆ ಎತ್ತೋ ಪೂಜೆ ಬೇರೆ. ಅದನ್ನ ಯಾರೂ ಮಾಡ್ಲಿಲ್ಲ. ಅವನು ಎಲ್ಲಿ ಬಿದ್ದಿದ್ದನೋ, ನಾವು ಇನ್ನೆಲ್ಲೋ ಕೂತು ಕೂಗ್ತಿದ್ದೆವು."

ನಾನು ನಂಬುತ್ತೇನೋ ಇಲ್ಲವೋ ಎಂಬುದಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಒಂಬತ್ತು ದಿನ ತನ್ನನ್ನು ಹಿಮದಲ್ಲಿ ಹೊತ್ತು ತಂದವನು ಎಲ್ಲೋ ಕತ್ತಲಲ್ಲಿ ಬಿದ್ದು, ತಾನು ಹೋಗಿ ಎತ್ತಬಹುದಾಗಿದ್ದ ದಿನಗಳೆಲ್ಲ ಮುಗಿದುಹೋದವು ಎಂದು ಆ ಹೆಂಗಸು ನನ್ನ ಕಣ್ಣೆದುರೇ ತಿಳಿದುಕೊಂಡರು.

"ನಾ ಬಂದು ಗುರುಗಳ ತಾವ ಹೇಳ್ತೀನಿ ಅಕ್ಕ. ನಿಮ್ಮ ಮೇಲೆ ತಪ್ಪಿಲ್ಲ ಅಂತ ಎಲ್ಲಾರ ಮುಂದೆ ಹೇಳ್ತೀನಿ."

"ಬೇಡ." ತಕ್ಷಣ ಅಂದರು. "ನಿನ್ನ ಒಳಗೆ ಬುಡಿಸಿದ್ದು ನಾನು. ಇವನಿಗೆ ಗೊತ್ತು ಅಂದಿದ್ದು ನಾನು. ಅತ್ತು ಕೆಡಿಸಿದೋಳು ಅಂದ್ರೆ ಕ್ಯಾಂಪಲ್ಲಿ ಪಾಪ ಅಂತಾರೆ. ಕರ್ಕೊಂಡು ಬಂದು ಕೆಡಿಸಿದೋಳು ಅಂದ್ರೆ ಯಾರೂ ಮಕ ನೋಡಾಕಿಲ್ಲ. ಅಲ್ಲಿ ಬುಟ್ರೆ ನನಗೆ ಇರಾಕೆ ಜಾಗ ಇಲ್ಲ. ತಂಗಿ ಆ ಫೋಟೋಗೆ ದೀಪ ಹಚ್ತಾವ್ಳೆ. ಅವಳಿಗೆ ಏನಂತ ಬರೀಲಿ?"

ಹೇಳಿ ಮುಗಿಸಿ ಅಳತೊಡಗಿದರು. ಅಣ್ಣ ಸತ್ತ ಮಧ್ಯಾಹ್ನದಿಂದ ಅವರು ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಮಂಡಿಯ ಚರ್ಮ ಕಿತ್ತುಹೋದಾಗಲೂ, ತಂಗಿಯ ಕಾಗದ ಓದಿದಾಗಲೂ ಹಲ್ಲು ಕಚ್ಚಿಕೊಂಡಿದ್ದರಂತೆ, ಮತ್ತೆ ಅಣ್ಣನ ದಾರಿ ಕೆಡದಿರಲಿ ಎಂದು. ಅದನ್ನು ಬಿಕ್ಕಳಿಕೆಯ ನಡುವೆ ಅವರೇ ಹೇಳಿದರು. ಸದ್ದು ಕೇಳಿ ನನ್ನ ತಾಯಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದರು.

"ಅಯ್ಯೋ ಏನಾಯ್ತಮ್ಮಾ? ಏನ್ಡಾ ಅಂದೆ ಇವರಿಗೆ?"

ಅಕ್ಕ ಮುಖ ಒರೆಸಿಕೊಂಡರು. "ಏನಿಲ್ಲಮ್ಮ. ಅಣ್ಣನ ಗ್ಯಾಪಕ ಬಂತು," ಅಂದರು. ಗೋಡೆ ಹಿಡಿದು ಎದ್ದು, ಕಾಲೆಳೆಯುತ್ತ ಹೊರಗೆ ಹೋದರು. ಹಾಕಿದ ಎಲೆ ಹಾಗೆಯೇ ಉಳಿಯಿತು.

ಮರುದಿನ ಮೆಟ್ಟಿಲ ಪಕ್ಕ ಬೇರೆ ಯಾರೋ ಹಗ್ಗ ಕಟ್ಟಿದ್ದರು. ಅಕ್ಕ ಬಸ್ ಸ್ಟ್ಯಾಂಡಿನ ಆಚೆ ಬದಿಗೆ ಹೋಗಿಬಿಟ್ಟಿದ್ದರು. ಒಂದು ಸಲ ಅಲ್ಲಿಗೆ ಹೋದೆ. ನನ್ನನ್ನು ನೋಡಿ, ಗಿರಾಕಿಗಳಿಗೆ ಹೇಳುವಂತೆ ತಮಿಳಿನಲ್ಲಿ, ಎನ್ನ ವೇಣುಂ, ಏನು ಬೇಕು ಎಂದು ಕೇಳಿದರು. ನಾನು ಏನೂ ಬೇಡವೆಂದು ತಿರುಗಿ ಬಂದೆ. ಯಾಂಗ್ಚೆನ್ ಯಾಕೆ ಊಟಕ್ಕೆ ಬರುವುದಿಲ್ಲ ಎಂದು ನನ್ನ ತಾಯಿ ಸಾಯುವವರೆಗೂ ಪ್ರತಿ ಚಳಿಗಾಲ ಕೇಳುತ್ತಿದ್ದರು. ಅವರಿಗೂ ನಾನು ನಿಜ ಹೇಳಲಿಲ್ಲ.